ಮೊದಲು ಸದ್ದನ್ನು ಕೇಳಿ, ಆಮೇಲೆ ಬಿಡಿಭಾಗ ಬದಲಿಸಿ

ಅರವತ್ತರ ದಶಕದ ವಾಲ್ವ್ ಗಿಟಾರ್ ಆಂಪ್ಲಿಫೈಯರುಗಳು ಇವತ್ತಿಗೂ ಕೈಯಿಂದ ಕೈಗೆ ದಾಟುತ್ತಲೇ ಇವೆ. ಟ್ರಾನ್ಸಿಸ್ಟರ್ ಬಂತು, ಐಸಿ ಬಂತು, ಈಗ ಕಂಪ್ಯೂಟರ್ ಚಿಪ್ಪೇ ಆ ನಾದವನ್ನು ಅನುಕರಿಸುತ್ತಿದೆ. ಆದರೂ ಬಿಸಿಯೇರಿದ ಗಾಜಿನ ವಾಲ್ವಿನ ಧ್ವನಿಯೇ ಬೇಕು ಎನ್ನುವ ಗಿಟಾರ್ ವಾದಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಹೀಗೆ ಕೈಬದಲಾದ ಪೆಟ್ಟಿಗೆಯನ್ನು ಮನೆಗೆ ತಂದು ಸ್ವಿಚ್ ಹಾಕಿದರೆ ಎಷ್ಟೋ ಸಲ ಮೊದಲು ಕೇಳಿಸುವುದು ವಾದಕರು ಹಮ್ ಎಂದು ಕರೆಯುವ ಗುಂಯ್ ಗುನುಗು. ಜೊತೆಗೆ ಒಂದಿಷ್ಟು ಸುಯ್ ಸದ್ದು, ನಡುನಡುವೆ ಚಟಪಟ. ಅದಕ್ಕೆ ಸಲಹೆಯೂ ಸಿದ್ಧವಾಗಿಯೇ ಇರುತ್ತದೆ: ವಾಲ್ವೆಲ್ಲ ಬದಲಿಸಿ, ಅದಕ್ಕೂ ಹೋಗದಿದ್ದರೆ ಕಂಡೆನ್ಸರೆಲ್ಲ ಕಿತ್ತು ಹೊಸದು ಹಾಕಿಸಿ. ಈ ಸಲಹೆ ತಪ್ಪು ಎಂಬುದು ನನ್ನ ವಾದ. ಕಾರಣ ಹುಡುಕದೆ ಬಿಡಿಭಾಗ ಬದಲಿಸುವುದನ್ನು ರಿಪೇರಿ ಎನ್ನಲಾಗದು. ದೋಷ ಎಲ್ಲಿದೆ ಎಂಬುದನ್ನು ಆ ಗುನುಗೇ ಬಹುಪಾಲು ಹೇಳಿಬಿಡುತ್ತದೆ. ಅದನ್ನು ಕೇಳಿಸಿಕೊಂಡು ಅರ್ಥಮಾಡಿಕೊಳ್ಳುವುದೇ ರಿಪೇರಿಯ ಮುಖ್ಯ ಕೆಲಸ, ನಾವು ದುಡ್ಡು ಕೊಡಬೇಕಾದದ್ದೂ ಅದಕ್ಕೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ನಿರ್ದಿಷ್ಟ ಯಂತ್ರವನ್ನೇ ಎದುರಿಗಿಟ್ಟುಕೊಳ್ಳೋಣ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲ್ಲರ್ಟನ್ ಊರಿನಲ್ಲಿದ್ದ ಫೆಂಡರ್ ಕಂಪನಿ 1963ರಲ್ಲಿ ಡಿಲಕ್ಸ್ ರಿವರ್ಬ್ ಎಂಬ ಆಂಪ್ಲಿಫೈಯರನ್ನು ಹೊರತಂದಿತು. ಸುಮಾರು 22 ವ್ಯಾಟ್ ಶಕ್ತಿ, 12 ಇಂಚಿನ ಒಂದೇ ಸ್ಪೀಕರ್, ಒಟ್ಟು 9 ವಾಲ್ವ್. ಅವುಗಳಲ್ಲಿ ಒಂದು ರೆಕ್ಟಿಫೈಯರ್, ಎಂದರೆ ಎಸಿ ವಿದ್ಯುತ್ತನ್ನು ಡಿಸಿ ಮಾಡುವಂಥದು. ಎರಡು 6ವಿ6 ಔಟ್‌ಪುಟ್ ವಾಲ್ವುಗಳು ಜೋಡಿಯಾಗಿ ಸ್ಪೀಕರನ್ನು ನಡೆಸುತ್ತವೆ. ಉಳಿದ ಆರು ಚಿಕ್ಕ ವಾಲ್ವುಗಳು ಗಿಟಾರಿನ ಸಂಕೇತವನ್ನು ಹಿಗ್ಗಿಸುವುದು, ಸ್ಪ್ರಿಂಗಿನ ಮೂಲಕ ಹಾಯಿಸಿ ಮಾರ್ದನಿ ಕೊಡುವುದು, ಧ್ವನಿಯನ್ನು ನಡುಗಿಸುವುದು ಮುಂತಾದ ಕೆಲಸಗಳನ್ನು ಹಂಚಿಕೊಂಡಿವೆ. ಗಿಟಾರಿನಿಂದ ಬರುವ ಸಂಕೇತ ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸಿನದು. ಅದನ್ನು ಹಂತಹಂತವಾಗಿ ಬೆಳೆಸಲು ಒಳಗೆ 400 ವೋಲ್ಟಿಗೂ ಮೀರಿದ ಡಿಸಿ ಓಡಾಡುತ್ತಿರುತ್ತದೆ. ಮೊದಲ ಹಂತದಲ್ಲಿ ಕೂದಲೆಳೆಯಷ್ಟು ಬೇಡದ ಸದ್ದು ನುಸುಳಿದರೂ ಅದು ಸಂಗೀತದ ಜೊತೆಜೊತೆಗೇ ಬೆಳೆದು ಸ್ಪೀಕರಿಗೆ ಬರುತ್ತದೆ. ಕೊನೆಯ ಹಂತದಲ್ಲಿ ಅಷ್ಟೇ ಸದ್ದು ನುಸುಳಿದರೆ ಕಿವಿಗೂ ಬೀಳದು. ಹಾಗಾಗಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಬಿಡಿಭಾಗ ಹಳೆಯದು ಎಂಬುದಲ್ಲ, ಸದ್ದು ಯಾವ ಹಂತದಲ್ಲಿ ಒಳಗೆ ಬರುತ್ತಿದೆ ಎಂಬುದು.

ಮೊದಲ ಸುಳಿವು ಗುನುಗಿನ ಶ್ರುತಿಯಲ್ಲೇ ಇದೆ. ನಮ್ಮ ಮನೆಗಳಿಗೆ ಬರುವ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಅಮೆರಿಕದಲ್ಲಿ 120 ವೋಲ್ಟ್, 60 ಆವರ್ತನ. ವಾಲ್ವುಗಳನ್ನು ಬಿಸಿಯಾಗಿಡುವ 6.3 ವೋಲ್ಟಿನ ಹೀಟರ್ ತಂತಿಯಲ್ಲಿ ಹರಿಯುವುದು ಈ ಎಸಿಯೇ. ಆ ತಂತಿಯಿಂದಾಗಲಿ, ಅರ್ಥಿಂಗ್ ದೋಷದಿಂದಾಗಲಿ ಸೋರಿ ಬಂದ ಗುನುಗಿನ ಮೂಲಸ್ವರ 50 ಹರ್ಟ್ಸ್. ರೆಕ್ಟಿಫೈಯರ್ ಎಸಿಯ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಅದರ ಆಚೆಗಿನ ಏರಿಳಿತ ಇಮ್ಮಡಿಯಾಗುತ್ತದೆ. ಆ ಏರಿಳಿತವನ್ನು ಸಮ ಮಾಡಬೇಕಾದ ಫಿಲ್ಟರ್ ಕಂಡೆನ್ಸರುಗಳು ಒಣಗಿ ಸೊರಗಿದ್ದರೆ 100 ಹರ್ಟ್ಸಿನ, ಸ್ವಲ್ಪ ಒರಟಾದ ಗುನುಗು ಕೇಳಿಸುತ್ತದೆ. ಈ ವ್ಯತ್ಯಾಸ ಹಿಡಿಯಲು ದುಬಾರಿ ಉಪಕರಣ ಬೇಡ, ಕೈಯಲ್ಲಿರುವ ಗಿಟಾರೇ ಸಾಕು. ಸರಿಯಾಗಿ ಶ್ರುತಿ ಮಾಡಿದ ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಬರುವ ಸ್ವರ 98 ಹರ್ಟ್ಸ್. ಗುನುಗು ಇದರ ಮಗ್ಗುಲಿಗೇ ಕೂತರೆ 100 ಹರ್ಟ್ಸ್. ಒಂದು ಸ್ಥಾಯಿ ಕೆಳಗೆ ಕೂತರೆ 50. ತಂಬೂರಿ ಶ್ರುತಿ ಮಾಡಿ ಅಭ್ಯಾಸವಿರುವ ಕಿವಿಗೆ ಇದು ಕ್ಷಣದ ಕೆಲಸ. ಇಷ್ಟೇ ತಿಳಿದರೂ ಅನುಮಾನಿಸಬೇಕಾದ ಭಾಗಗಳ ಪಟ್ಟಿ ಅರ್ಧಕ್ಕರ್ಧ ಇಳಿಯುತ್ತದೆ.

ಇಳಿಯುತ್ತದೆ, ಮುಗಿಯುವುದಿಲ್ಲ. ಡಿಲಕ್ಸ್ ರಿವರ್ಬ್‌ನಲ್ಲಿ ಔಟ್‌ಪುಟ್ ವಾಲ್ವುಗಳಿಗೆ ಋಣ ವೋಲ್ಟೇಜು ಒದಗಿಸುವ ಬಯಾಸ್ ಎಂಬ ಚಿಕ್ಕ ಉಪವಿಭಾಗವಿದೆ. ಅಲ್ಲಿ ಒಂದೇ ಡಯೋಡು ಎಸಿಯ ಅರ್ಧವನ್ನಷ್ಟೇ ಬಳಸುತ್ತದೆ. ಅಲ್ಲಿನ ಕಂಡೆನ್ಸರ್ ಸೊರಗಿದರೆ ಗುನುಗು ಫಿಲ್ಟರಿನದೇ ಆಗಿದ್ದರೂ ಶ್ರುತಿ ಮಾತ್ರ 50. ಕಿವಿಯೊಂದನ್ನೇ ನಂಬಿದವರು ಹೀಟರ್ ತಂತಿಯನ್ನು ಅನುಮಾನಿಸಿ ದಾರಿ ತಪ್ಪುತ್ತಾರೆ. ಆದ್ದರಿಂದ ಎರಡನೆಯ ಸುಳಿವು ಬೇಕು, ಅದು ಮುಂಭಾಗದ ಗುಂಡಿಗಳಲ್ಲಿದೆ. ವಾಲ್ಯೂಮ್ ಗುಂಡಿ ತಿರುಗಿಸಿದಂತೆ ಗುನುಗೂ ಏರಿ ಇಳಿದರೆ ಅದು ಹುಟ್ಟುತ್ತಿರುವುದು ಗುಂಡಿಗಿಂತ ಹಿಂದೆ, ಗಿಟಾರಿನ ಕಡೆಗೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಜಪ್ಪಯ್ಯ ಎನ್ನದಿದ್ದರೆ ಹುಟ್ಟುತ್ತಿರುವುದು ಅದರ ಮುಂದೆ, ಸ್ಪೀಕರಿನ ಕಡೆಗೆ. ರಿವರ್ಬ್ ಗುಂಡಿಗೆ ಮಾತ್ರ ಸ್ಪಂದಿಸಿದರೆ ಪೆಟ್ಟಿಗೆಯ ತಳದಲ್ಲಿರುವ ಸ್ಪ್ರಿಂಗ್ ತಟ್ಟೆ, ಅದರ ಕೇಬಲ್ಲು, ಅಲ್ಲಿಂದ ಸಂಕೇತ ಹಿಂಪಡೆಯುವ ವಾಲ್ವ್, ಈ ಮೂರರ ಸುತ್ತ ಹುಡುಕಬೇಕು. ಆ ತಟ್ಟೆಯ ಒಂದು ತುದಿಯಲ್ಲಿರುವ ಸೂಕ್ಷ್ಮ ಸುರುಳಿ ಟ್ರಾನ್ಸ್‌ಫಾರ್ಮರಿನ ಹತ್ತಿರ ಬಂದರೆ ಸಾಕು, ಅದರ ಕಾಂತಕ್ಷೇತ್ರವನ್ನು ಹೀರಿ ಗುಂಯ್‌ಗುಡುತ್ತದೆ. ತಟ್ಟೆಯನ್ನು ತಿರುಗಿಸಿ ಕೂರಿಸಿದರೆ ವಾಸಿಯಾಗುವ ರೋಗಕ್ಕೆ ಹತ್ತು ಕಂಡೆನ್ಸರ್ ಬದಲಿಸಿ ಫಲವೇನು?

ಮೂರನೆಯ ಸುಳಿವು ವಾಲ್ವುಗಳನ್ನೇ ಒಂದೊಂದಾಗಿ ಕಿತ್ತು ನೋಡುವುದರಿಂದ ಸಿಗುತ್ತದೆ. ಹಳೆಯ ಎಸಿ-ಡಿಸಿ ವಾಲ್ವ್ ರೇಡಿಯೊಗಳಲ್ಲಿ ಹೀಟರುಗಳು ಒಂದರ ಹಿಂದೊಂದು ಸರಪಳಿಯಾಗಿ ಜೋಡಣೆಯಾಗಿರುತ್ತಿದ್ದವು, ಒಂದು ಕಿತ್ತರೆ ಎಲ್ಲವೂ ಆರುತ್ತಿದ್ದವು. ಈ ಆಂಪ್ಲಿಫೈಯರಿನಲ್ಲಿ ಹೀಟರುಗಳಿಗೆ ಸಮಾಂತರ ಜೋಡಣೆ, ಒಂದನ್ನು ತೆಗೆದರೂ ಉಳಿದವು ಉರಿಯುತ್ತವೆ. ಸ್ವಿಚ್ ಆರಿಸಿ, ಗಾಜು ತಣಿಯಲು ಬಿಟ್ಟು, ಔಟ್‌ಪುಟ್ ಜೋಡಿಗೆ ಸಂಕೇತ ಹಂಚುವ ಆರನೇ ಚಿಕ್ಕ ವಾಲ್ವನ್ನು ತೆಗೆದು, ಸ್ಪೀಕರ್ ಜೋಡಣೆ ಹಾಗೇ ಇರಿಸಿ ಮತ್ತೆ ಸ್ವಿಚ್ ಹಾಕಬೇಕು. ಗುನುಗು ಮೊದಲಿನಷ್ಟೇ ಉಳಿದರೆ ಅದೂ ಅದರ ಹಿಂದಿನ ಐದೂ ವಾಲ್ವುಗಳು ನಿರ್ದೋಷಿಗಳು. ದೋಷ ಇರುವುದು ಮುಖ್ಯ ಫಿಲ್ಟರ್, ಬಯಾಸ್ ಅಥವಾ 6ವಿ6 ಜೋಡಿಯಲ್ಲಿ. ಗುನುಗು ನಿಂತರೆ ಅದನ್ನು ಮರಳಿ ಹಾಕಿ ಹಿಂದಿನದಕ್ಕೆ ಹೋಗಬೇಕು. ಕಾಲುವೆಯಲ್ಲಿ ನೀರು ಕದಡಿ ಬಂದಾಗ ರೈತ ಗದ್ದೆಯ ಬದಿ ನಿಂತು ಊಹಿಸುತ್ತಾ ಕೂರುವುದಿಲ್ಲ, ನೀರು ಎಲ್ಲಿ ತಿಳಿಯಾಗಿದೆಯೋ ಅಲ್ಲಿಯವರೆಗೆ ಏರಿಯ ಮೇಲೆ ಹಿಂದಕ್ಕೆ ನಡೆಯುತ್ತಾನೆ. ಇಲ್ಲಿರುವುದೂ ಅದೇ ವಿವೇಕ. 6ವಿ6 ಜೋಡಿಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಎರಡೂ ವಾಲ್ವು ಸಮಸಮನಾಗಿ ವಿದ್ಯುತ್ತು ಎಳೆಯುತ್ತಿದ್ದರೆ ಪೂರೈಕೆಯಲ್ಲಿ ಉಳಿದಿರುವ ಏರಿಳಿತ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಪರಸ್ಪರ ರದ್ದಾಗುತ್ತದೆ. ಒಂದು ಬಳಲಿದರೆ ರದ್ದಾಗದೆ ಕಿವಿಗೆ ಬೀಳುತ್ತದೆ. ಅಂಥ ಕಡೆ ಹೊಸ ಫಿಲ್ಟರ್ ಹಾಕಿದರೆ ಗುನುಗು ಸ್ವಲ್ಪ ತಗ್ಗಬಹುದು, ರೋಗ ಮಾತ್ರ ಹಾಗೇ ಉಳಿಯುತ್ತದೆ.

ಗುನುಗಲ್ಲದ ಸದ್ದುಗಳಿಗೂ ಇದೇ ಶಿಸ್ತು ಅನ್ವಯಿಸುತ್ತದೆ. ಸುಯ್ ಎನ್ನುವ ಸದ್ದು ಒಂದಿಷ್ಟು ಇದ್ದೇ ಇರುತ್ತದೆ. ಯಾವುದೇ ರೆಸಿಸ್ಟರಿನಲ್ಲಿ ಎಲೆಕ್ಟ್ರಾನುಗಳ ಉಷ್ಣ ಚಲನೆಯಿಂದ ಸದ್ದು ಹುಟ್ಟುತ್ತದೆ ಎಂಬುದನ್ನು ವಿಜ್ಞಾನಿಗಳಾದ ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಅಳೆದು, ಲೆಕ್ಕಹಾಕಿ ತೋರಿಸಿದರು. ಅದನ್ನು ಯಾರೂ ಪೂರ್ತಿ ಅಳಿಸಲಾರರು. ಆದರೆ ಆ ಕಾಲದ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರುಗಳು ವೋಲ್ಟೇಜು ಹೊತ್ತಾಗ ಇದರ ಮೇಲೆ ತಮ್ಮದೇ ಸದ್ದನ್ನೂ ಸೇರಿಸುತ್ತವೆ, ವಯಸ್ಸಾದಂತೆ ಕೆಲವು ಚಟಪಟ ಎನ್ನತೊಡಗುತ್ತವೆ. ಮೊದಲ ಹಂತದ 100 ಕಿಲೋ ಓಮಿನ ಪ್ಲೇಟ್ ರೆಸಿಸ್ಟರ್ ಹಾಗಾಗಿದ್ದರೆ ಆ ಒಂದರ ಜಾಗದಲ್ಲಿ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದರೆ ಸಾಕು. ಪೆನ್ಸಿಲಿನ ರಬ್ಬರ್ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಟಣ್ ಎಂದು ಮೊಳಗುವ ವಾಲ್ವ್ ಯಾವುದೋ ಅದು ಮೈಕ್ರೊಫೋನಿನಂತೆ ವರ್ತಿಸುತ್ತಿದೆ ಎಂದರ್ಥ, ಬದಲಿಸಬೇಕಾದದ್ದು ಅದನ್ನಷ್ಟೇ. ತಟ್ಟಿದಾಗ ಚಟಪಟ ಎಂದರೆ ವಾಲ್ವಿನ ಬದಲು ಅದು ಕೂತಿರುವ ಸಾಕೆಟ್ಟಿನ ತುಕ್ಕೂ ಕಾರಣವಿರಬಹುದು, ಸ್ವಚ್ಛ ಮಾಡಿದರೆ ಹೊಸ ವಾಲ್ವಿನ ದುಡ್ಡೇ ಉಳಿಯುತ್ತದೆ.

ಸದ್ದಿನ ಮೂಲ ಪೆಟ್ಟಿಗೆಯ ಹೊರಗೂ ಇರಬಹುದು. ತಂತಿಯ ಕಂಪನವನ್ನು ಹಿಡಿಯಲು ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಸುತ್ತಲಿನ ಟ್ರಾನ್ಸ್‌ಫಾರ್ಮರು, ಡಿಮ್ಮರು, ಅಗ್ಗದ ಎಲ್‌ಇಡಿ ದೀಪಗಳ ಸದ್ದನ್ನೆಲ್ಲ ಹೀರುತ್ತದೆ. ಗಿಬ್ಸನ್ ಕಂಪನಿಯ ಸೇಥ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಪಿಕಪ್ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಈ ಗುನುಗನ್ನು ರದ್ದು ಮಾಡಲೆಂದೇ ಹುಟ್ಟಿದ್ದು. ಗಿಟಾರ್ ಹಿಡಿದು ನಿಂತ ದಿಕ್ಕು ಬದಲಿಸಿದಾಗ ಗುನುಗೂ ಬದಲಾದರೆ ಆಂಪ್ಲಿಫೈಯರನ್ನು ಬಿಚ್ಚುವ ಅಗತ್ಯವೇ ಇಲ್ಲ. ಅಮೆರಿಕದಿಂದ ಊರಿಗೆ ಮರಳುವ ಕನ್ನಡಿಗರು ಜೊತೆಗೆ ತರುವ ಯಂತ್ರಗಳಿಗೆ ಇನ್ನೊಂದು ತೊಡಕೂ ಸೇರುತ್ತದೆ. 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸುವುದಿಲ್ಲ. 60 ಹರ್ಟ್ಸಿಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು 50 ಹರ್ಟ್ಸಿನಲ್ಲಿ ಶೇ 20ರಷ್ಟು ಹೆಚ್ಚು ಕಾಂತ ಹರಿವನ್ನು ಹೊರಬೇಕಾಗುತ್ತದೆ. ಅದು ಹೆಚ್ಚು ಬಿಸಿಯಾಗಬಹುದು, ಅದರ ಮೈಯೇ ಗುಂಯ್‌ಗುಡಬಹುದು. ಸ್ಪೀಕರಿನಿಂದ ಬಾರದೆ ಲೋಹದ ಮೈಯಿಂದ ಬರುವ ಈ ಸದ್ದಿಗೆ ಹೊಸ ವಾಲ್ವ್ ಹಾಕಿದರೂ ಅಷ್ಟೇ, ಹೊಸ ಕಂಡೆನ್ಸರ್ ಹಾಕಿದರೂ ಅಷ್ಟೇ. ಕಾರಣ ತಿಳಿದವರು 50 ಹರ್ಟ್ಸಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಹಾಕಿಸುತ್ತಾರೆ, ತಿಳಿಯದವರು ಉಳಿದೆಲ್ಲವನ್ನೂ ಬದಲಿಸಿ ಸೋಲುತ್ತಾರೆ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಅರವತ್ತು ವರ್ಷದ ಎಲೆಕ್ಟ್ರೋಲಿಟಿಕ್ ಕಂಡೆನ್ಸರನ್ನು ಯಾಕೆ ಉಳಿಸಬೇಕು, ಇವತ್ತಲ್ಲ ನಾಳೆ ಅದು ಹೋಗುವುದೇ ತಾನೇ ಎಂಬುದು ಮೊದಲನೆಯದು. ಅಷ್ಟರ ಮಟ್ಟಿಗೆ ಅದು ನಿಜ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಒಳಗಿನ ದ್ರಾವಣ ಒಣಗುವುದು ಪ್ರಕೃತಿ ನಿಯಮ. ಅದು ಶಾರ್ಟ್ ಆದರೆ ರೆಕ್ಟಿಫೈಯರನ್ನೂ ಟ್ರಾನ್ಸ್‌ಫಾರ್ಮರನ್ನೂ ಬಲಿ ತೆಗೆದುಕೊಳ್ಳಬಹುದು. ಆ ಕೆಲವನ್ನು ಬದಲಿಸಲೇಬೇಕು ಎಂದು ನಾನೂ ಹೇಳುತ್ತೇನೆ. ಆದರೆ ಅದು ಮುನ್ನೆಚ್ಚರಿಕೆಯ ಕೆಲಸ, ಗುನುಗಿನ ಕಾರಣ ಹುಡುಕುವುದು ಬೇರೆಯೇ ಕೆಲಸ. ಒಂದನ್ನು ಮಾಡಿ ಇನ್ನೊಂದೂ ಮುಗಿಯಿತೆಂದು ಬಿಲ್ ಬರೆಯುವಲ್ಲಿ ಮೋಸವಿದೆ. ಎಲೆಕ್ಟ್ರೋಲಿಟಿಕ್ ಒಣಗುತ್ತದೆ ಎಂಬ ಕಾರಣ ಹೇಳಿ, ಒಣಗುವ ದ್ರಾವಣವೇ ಇಲ್ಲದ ಫಿಲ್ಮ್ ಮತ್ತು ಸಿರಾಮಿಕ್ ಕಂಡೆನ್ಸರುಗಳನ್ನೂ ಕಿತ್ತೊಗೆಯುವುದಕ್ಕಂತೂ ಯಾವ ಆಧಾರವೂ ಇಲ್ಲ. ಒಂದೇ ಸಲ ಇಪ್ಪತ್ತು ಬೆಸುಗೆ ಬಿಚ್ಚಿ ಹಾಕಿದರೆ ಇಪ್ಪತ್ತು ಕಡೆ ಹೊಸ ತಪ್ಪಿಗೆ ಅವಕಾಶವಾಗುತ್ತದೆ. ಗುನುಗು ಹೋದರೆ ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ, ಹೋಗದಿದ್ದರೆ ಹಳೆಯ ದೋಷದ ಜೊತೆಗೆ ಹೊಸದೂ ಸೇರಿದೆಯೇ ಎಂಬುದೂ ತಿಳಿಯುವುದಿಲ್ಲ. ಸಾಕ್ಷ್ಯವನ್ನು ಅಳಿಸಿಹಾಕಿ ತನಿಖೆ ಶುರುಮಾಡಿದಂತಾಗುತ್ತದೆ.

ಎರಡನೆಯ ಆಕ್ಷೇಪ ದುಡ್ಡಿನದು. ಬಿಡಿಭಾಗ ಅಗ್ಗ, ನುರಿತವರ ಸಮಯ ದುಬಾರಿ. ಎರಡು ಗಂಟೆ ಕೂತು ಹುಡುಕುವ ಬದಲು ಎಲ್ಲ ಬದಲಿಸಿದರೆ ಗಿರಾಕಿಗೇ ಲಾಭವಲ್ಲವೇ ಎಂಬ ಪ್ರಶ್ನೆ. ದೋಷ ಬದಲಿಸಿದ ಭಾಗಗಳಲ್ಲೇ ಇದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ಮೇಲೆ ಹೇಳಿದ ಕಾರಣಗಳಲ್ಲಿ ಸ್ಪ್ರಿಂಗ್ ತಟ್ಟೆಯ ದಿಕ್ಕು, ಸಾಕೆಟ್ಟಿನ ತುಕ್ಕು, 60 ಹರ್ಟ್ಸಿನ ಟ್ರಾನ್ಸ್‌ಫಾರ್ಮರು, ಗಿಟಾರಿನ ಪಿಕಪ್ಪು ಯಾವುವೂ ಆ ಬದಲಾವಣೆಯ ಪಟ್ಟಿಯಲ್ಲಿ ಬರುವುದೇ ಇಲ್ಲ. ಶ್ರುತಿ ಕೇಳಿ, ಗುಂಡಿ ತಿರುಗಿಸಿ, ವಾಲ್ವ್ ಕಿತ್ತು ನೋಡುವ ಮೂರು ಹೆಜ್ಜೆಗಳಿಗೆ ಗಂಟೆಗಟ್ಟಲೆ ಸಮಯವೂ ಬೇಕಿಲ್ಲ. ನಿಜವಾದ ತೊಂದರೆ ಬೇರೆ ಕಡೆ ಇದೆ. ನಾವು ಬಿಲ್ಲಿನಲ್ಲಿ ಬಿಡಿಭಾಗದ ಹೆಸರು ಕಂಡರೆ ದುಡ್ಡು ಕೊಡುತ್ತೇವೆ. ದೋಷ ಪತ್ತೆ ಎಂಬ ಸಾಲು ಕಂಡರೆ ಬರೀ ನೋಡಿದ್ದಕ್ಕೆ ಇಷ್ಟು ಯಾಕೆ ಎಂದು ಚೌಕಾಸಿಗೆ ಇಳಿಯುತ್ತೇವೆ. ಯೋಚಿಸಿದ್ದಕ್ಕೆ ಕೂಲಿ ಸಿಗದ ಕಡೆ ಯಾವ ಕುಶಲಕರ್ಮಿಯಾದರೂ ಯೋಚಿಸುವುದನ್ನು ಬಿಟ್ಟು ಬದಲಿಸುವುದನ್ನೇ ಕಲಿಯುತ್ತಾನೆ. ತಪ್ಪಿನಲ್ಲಿ ದೊಡ್ಡ ಪಾಲು ಗಿರಾಕಿಯದು.

ಮೂರನೆಯದು ಅಪಾಯದ ಮಾತು, ಇದರಲ್ಲಿ ರಾಜಿಯಿಲ್ಲ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳು ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳುವ ಅಭ್ಯಾಸವಿಲ್ಲದವರು ಕವಚ ಬಿಚ್ಚಬಾರದು. ಆದರೆ ಈ ಮಾತು ನನ್ನ ವಾದವನ್ನೇ ಬಲಪಡಿಸುತ್ತದೆ. ಮೊದಲ ಎರಡು ಸುಳಿವುಗಳನ್ನು ಕವಚ ಬಿಚ್ಚದೆ, ಸ್ಕ್ರೂಡ್ರೈವರ್ ಮುಟ್ಟದೆ ಮಾಲೀಕರೇ ಪಡೆಯಬಹುದು. ಒಳಗೆ ಕೈ ಹಾಕುವ ಕೆಲಸ ಎಷ್ಟು ಕಡಿಮೆಯಾದರೆ ಅಪಾಯವೂ ಅಷ್ಟು ಕಡಿಮೆ. ಎಲ್ಲಕ್ಕಿಂತ ಅಪಾಯಕಾರಿ ಕಣ್ಮುಚ್ಚಿ ಮಾಡುವ ಚಿಕಿತ್ಸೆ. ಎರಡು ಉಪಕರಣಗಳ ಅರ್ಥಿಂಗ್ ಸುತ್ತುಬಳಸಿ ಕೂಡಿಕೊಂಡಾಗ ಹುಟ್ಟುವ ಗುನುಗು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ತಪ್ಪಿಸಿದರೆ ನಿಲ್ಲುತ್ತದೆ, ನಿಂತಿತೆಂದು ಹಲವರು ಹಾಗೇ ಬಿಡುತ್ತಾರೆ. ಆಮೇಲೆ ಒಳಗೆ ಒಂದು ತಂತಿ ಸಡಿಲಾಗಿ ಕವಚಕ್ಕೆ ತಾಗಿದರೆ ಗಿಟಾರಿನ ಲೋಹದ ತಂತಿಗಳ ಮೂಲಕ ವಿದ್ಯುತ್ತು ನೇರ ವಾದಕನ ಕೈಗೆ ಬರುತ್ತದೆ. ಅರವತ್ತರ ದಶಕದ ಈ ಯಂತ್ರಗಳು ಬಂದದ್ದೇ ಎರಡು ಪಿನ್ನಿನ ಪ್ಲಗ್ಗಿನೊಂದಿಗೆ. ಗುನುಗು ತಗ್ಗಿಸಲೆಂದು ಮೈನ್ಸ್ ತಂತಿಗೂ ಕವಚಕ್ಕೂ ನಡುವೆ ಒಂದು ಕಂಡೆನ್ಸರ್ ಹಾಕಿರುತ್ತಿದ್ದರು. ಅದು ಶಾರ್ಟ್ ಆದರೆ ಮಾರಣಾಂತಿಕವಾದ್ದರಿಂದ ಮೆಕ್ಯಾನಿಕ್ಕುಗಳು ಅದನ್ನು ಡೆತ್ ಕ್ಯಾಪ್ ಎಂದೇ ಕರೆಯುತ್ತಾರೆ. ಅದನ್ನು ತೆಗೆಸಿ ಮೂರು ಪಿನ್ನಿನ, ಸರಿಯಾದ ಅರ್ಥಿಂಗಿನ ತಂತಿ ಹಾಕಿಸುವುದು ಯಾವ ಪರೀಕ್ಷೆಗೂ ಮುಂಚೆ ಆಗಬೇಕಾದ ಕೆಲಸ. ಇದೊಂದಕ್ಕೆ ಪತ್ತೆಯ ಅಗತ್ಯವಿಲ್ಲ.

ಕೊನೆಯ ಆಕ್ಷೇಪ, ಇಷ್ಟೆಲ್ಲ ಪಾಡು ಯಾಕೆ, ಡಿಜಿಟಲ್ ಯಂತ್ರ ಕೊಂಡರೆ ಗುನುಗಿನ ಮಾತೇ ಇಲ್ಲವಲ್ಲ ಎಂಬುದು. ಹೊಸದು ಬೇಕೆನಿಸಿದವರು ಕೊಳ್ಳಲಿ. ಆದರೆ ಆ ಹಳೆಯ ಪೆಟ್ಟಿಗೆ ಅರವತ್ತು ವರ್ಷ ಬಾಳಿದ್ದು ಯಾಕೆ ಎಂದು ಕೇಳಿಕೊಳ್ಳಬೇಕು. ಅದು ಕೆಡದೆ ಇದ್ದದ್ದರಿಂದ ಬಾಳಲಿಲ್ಲ, ಕೆಟ್ಟಾಗ ಕಾರಣ ಹುಡುಕಲು ಬಂದದ್ದರಿಂದ ಬಾಳಿತು. ಯಾವ ಸಾಕೆಟ್ಟಿನಲ್ಲಿ ಯಾವ ವಾಲ್ವ್ ಎಂಬ ಪಟ್ಟಿಯನ್ನು ಪೆಟ್ಟಿಗೆಯ ಒಳಗೋಡೆಗೇ ಅಂಟಿಸಿರುತ್ತಿದ್ದರು. ಸರ್ಕ್ಯೂಟ್ ನಕ್ಷೆ ಗುಟ್ಟಾಗಿರಲಿಲ್ಲ, ಎಬಿ763 ಎಂಬ ಸಂಕೇತ ಹೊತ್ತ ಆ ನಕ್ಷೆ ಇವತ್ತಿಗೂ ಲೋಕದ ಕೈಯಲ್ಲಿದೆ. ಭಾಗಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು, ಬೇರೆ ಬೇರೆ ತಯಾರಕರಿಂದ ಸಿಗುವಂಥವು. ನಮ್ಮಲ್ಲೂ ಈ ವಿದ್ಯೆ ಹೊರಗಿನದಾಗಿರಲಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಅರವತ್ತರ ದಶಕದಲ್ಲಿ ವಾಲ್ವುಗಳನ್ನೇ ತಯಾರಿಸುತ್ತಿತ್ತು. ಊರೂರಿನ ರೇಡಿಯೊ ರಿಪೇರಿಯವರು ಸ್ವರ ಕೇಳಿ ರೋಗ ಹೇಳುತ್ತಿದ್ದರು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಪೋರ್ಟಲನ್ನೂ ತೆರೆಯಿತು. ಒಳ್ಳೆಯ ಹೆಜ್ಜೆ. ಆದರೆ ಬಿಡಿಭಾಗ ಸಿಕ್ಕಿದ ಮಾತ್ರಕ್ಕೆ ಆ ಹಕ್ಕು ಪೂರ್ಣವಾಗುವುದಿಲ್ಲ. ನಕ್ಷೆಯೂ ಸಿಗಬೇಕು, ಅದನ್ನು ಓದಿ ಕಾರಣ ಹುಡುಕಬಲ್ಲ ಮನುಷ್ಯರೂ ಇರಬೇಕು.

ಹಾಗಾಗಿ ಬದಲಾಗಬೇಕಾದದ್ದು ಮೂರು ಕಡೆ. ಹಳೆಯ ಆಂಪ್ಲಿಫೈಯರ್ ಕೊಳ್ಳುವವರು ಗುನುಗು ಕೇಳಿದ ಕೂಡಲೇ ಬೆಲೆ ಜಗ್ಗುವುದನ್ನೋ ವಾಪಸು ಹೋಗುವುದನ್ನೋ ಮಾಡದೆ, ಅದರ ಶ್ರುತಿ ಯಾವುದು, ಯಾವ ಗುಂಡಿಗೆ ಅದು ಬದಲಾಗುತ್ತದೆ ಎಂದು ಬರೆದುಕೊಂಡು ರಿಪೇರಿಯವರ ಮುಂದಿಡಲಿ. ರಿಪೇರಿ ಮಾಡುವವರು ದೋಷ ಪತ್ತೆಯ ಶುಲ್ಕವನ್ನು ಬಿಲ್ಲಿನ ಮೊದಲ ಸಾಲಿನಲ್ಲೇ ಬರೆಯಲಿ. ಏನು ಅಳೆದೆವು, ಯಾವ ಭಾಗ ಯಾಕೆ ಬದಲಾಯಿತು ಎಂಬ ಎರಡು ಸಾಲು ಬರೆದು, ಕಿತ್ತ ಹಳೆಯ ಭಾಗವನ್ನೂ ಗಿರಾಕಿಯ ಕೈಗೆ ಕೊಡಲಿ. ನಮ್ಮ ಐಟಿಐ ಮತ್ತು ಡಿಪ್ಲೊಮಾ ತರಗತಿಗಳು ಭಾಗ ಜೋಡಿಸುವುದನ್ನು ಕಲಿಸುವಷ್ಟೇ ಹೊತ್ತನ್ನು ಕೆಟ್ಟ ಯಂತ್ರವೊಂದನ್ನು ಎದುರಿಗಿಟ್ಟು ಕಾರಣ ಹುಡುಕಿಸುವುದಕ್ಕೂ ಕೊಡಲಿ. ಅದಕ್ಕೆ ವಾಲ್ವ್ ಆಂಪ್ಲಿಫೈಯರೇ ಬೇಕೆಂದಿಲ್ಲ, ನೀರೆತ್ತುವ ಪಂಪಿನ ಸ್ಟಾರ್ಟರ್ ಆದರೂ ಆದೀತು. ಊಹೆಯನ್ನು ಪರೀಕ್ಷೆಗೆ ಒಡ್ಡಿ, ತಪ್ಪಿದ ಊಹೆಯನ್ನು ಬಿಟ್ಟು, ಉಳಿದದ್ದರ ಬೆನ್ನು ಹತ್ತುವ ಬುದ್ಧಿ ಯಾವ ಯಂತ್ರದ ಮುಂದೆ ಕಲಿತರೂ ಒಂದೇ. ಆ ಬುದ್ಧಿಗೆ ಕೂಲಿ ಕೊಡಲು ನಾವು ಒಪ್ಪಿದ ದಿನ ಒಳ್ಳೆಯ ಮೆಕ್ಯಾನಿಕ್ಕುಗಳೂ ಉಳಿಯುತ್ತಾರೆ, ಒಳ್ಳೆಯ ಯಂತ್ರಗಳೂ ಉಳಿಯುತ್ತವೆ.